ಎಣ್ಣೆ ಹಚ್ಚಿ ಮಲಗಿದ ಚಳಿಗಾಲ

ಜಮಖಂಡಿ, 31 ಅಕ್ಟೋಬರ್ 2024, ಗುರುವಾರ

ನರಕ ಚತುರ್ದಶಿ. ನಿನ್ನೆ ಸಂಜೆಯೇ ಹಂಡೆ ಬೆಳಗಿ ನೀರು ತುಂಬಿಟ್ಟಿದ್ದೆ. ನಸುಕಿನಲ್ಲಿ ಇವರಿಗೆ ಎಣ್ಣೆ ಹಚ್ಚಿ, ಆರತಿ ಬೆಳಗಿ, ಎರೆದು ಮುಗಿಸುವ ಹೊತ್ತಿಗೆ ಬೆಳಕು ಹರಿದಿತ್ತು. ನನ್ನ ಸರದಿ ಎಲ್ಲರದೂ ಮುಗಿದ ಮೇಲೆ. ಹಬ್ಬದ ದಿನ ಮನೆಯ ಹೆಂಗಸಿನ ತಲೆಯಲ್ಲಿ ಎಣ್ಣೆ ನಿಲ್ಲುವುದು ಹತ್ತು ನಿಮಿಷ. ಆಮೇಲೆ ಒಲೆ ಕರೆಯುತ್ತದೆ.

ಮಧ್ಯಾಹ್ನಕ್ಕೆ ನೆತ್ತಿ ಬಿಗಿದುಕೊಂಡು ತುರಿಕೆ ಎದ್ದಿತು. ಕರಿ ಕುಪ್ಪಸದ ಹೆಗಲ ಮೇಲೆ ಸಣ್ಣ ಬಿಳಿ ಪುಡಿ. ಚಳಿಗಾಲ ಬಂತೆಂದರೆ ಇದೇ ಹಾಡು, ಐವತ್ತು ದಾಟಿದ ಮೇಲೆ ಇನ್ನೂ ಜೋರು. ಬೆಂಗಳೂರಿನಿಂದ ಮಗಳು ಫೋನ್ ಮಾಡಿದಾಗ ಹೇಳಿದೆ. “ಅವ್ವಾ, ರೋಸ್‌ಮೆರಿ ಎಣ್ಣಿ ಕಳಸ್ಲೇನು? ರಾತ್ರಿ ಹಚ್ಚಿ ಮಲಗು, ಮುಂಜಾನೆ ತಲಿ ರೇಷ್ಮಿ ಆಗತೈತಿ” ಅಂದಳು. ಪಕ್ಕದ ಮನೆಯ ಕಾಕು ನಿಂಬೆರಸ ಅಂದಳು. ಇವರು ಅಂದದ್ದು, “ನೀ ಸೈನ್ಸ್ ಟೀಚರ್ ಅದೀಯಲ್ಲ, ನೋಡ್ಕೋ.”

ನೋಡಿಕೊಳ್ಳುತ್ತೇನೆ. ಯಾವ ಎಣ್ಣೆ ಎಂದು ಕೇಳುವ ಮೊದಲು ನೆತ್ತಿಗೆ ಏನಾಗಿದೆ ಎಂದು ಕೇಳಬೇಕು. ಈ ಚಳಿಗಾಲ ಅದನ್ನೇ ವಹಿಯಲ್ಲಿ ಬರೆದಿಡುವುದು.

ಜಮಖಂಡಿ, 10 ನವೆಂಬರ್ 2024, ಭಾನುವಾರ

ತಲೆಯಿಂದ ಉದುರುವುದೆಲ್ಲ ಒಂದೇ ಅಲ್ಲ. ಒಂದು, ಚರ್ಮವೇ ಒಣಗಿ ಉದುರುವ ಪುಡಿ. ಸಣ್ಣದು, ಬಿಳಿ, ಜಿಡ್ಡಿಲ್ಲದ್ದು, ಕೊಡವಿದರೆ ಹೋಗುವಂಥದ್ದು. ಆಗ ಕೈಕಾಲಿನ ಚರ್ಮವೂ ಒಡೆದಿರುತ್ತದೆ, ನೆತ್ತಿ ಎಳೆದು ಕಟ್ಟಿದ ಹಾಗೆ ಬಿಗಿಯಾಗಿರುತ್ತದೆ. ಇನ್ನೊಂದು ನಿಜವಾದ ಹೊಟ್ಟು. ಅದರ ಪದರು ದೊಡ್ಡದು, ತುಸು ಹಳದಿ, ಬೆರಳಿಗೆ ಜಿಡ್ಡು ಹತ್ತುತ್ತದೆ. ಬುಡದ ಚರ್ಮ ಕೆಂಪಾಗಿರುತ್ತದೆ. ಹುಬ್ಬು, ಮೂಗಿನ ಪಕ್ಕ, ಕಿವಿಯ ಹಿಂದೆಯೂ ಅದು ಕಾಣಿಸಿಕೊಳ್ಳಬಹುದು.

ಈ ಎರಡನೆಯದರ ಹಿಂದೆ ಮಲಸೇಜಿಯಾ ಎಂಬ ಸೂಕ್ಷ್ಮ ಶಿಲೀಂಧ್ರ ಇದೆ. 1874ರಲ್ಲಿ ಫ್ರಾನ್ಸಿನ ಮಲಸೇ ಎಂಬ ವಿಜ್ಞಾನಿ ಹೊಟ್ಟಿನ ಪದರಿನಲ್ಲಿ ಅದನ್ನು ಗುರುತಿಸಿ ವಿವರಿಸಿದ, ಹೆಸರೂ ಅವನದೇ. ಅದು ಎಲ್ಲರ ತಲೆಯಲ್ಲೂ ಇರುತ್ತದೆ. 2007ರಲ್ಲಿ ಅದರ ಒಂದು ಜಾತಿಯ ಜೀನುಗಳನ್ನೆಲ್ಲ ಓದಿದಾಗ ತಿಳಿದದ್ದು ಇಷ್ಟು: ತನಗೆ ಬೇಕಾದ ಕೊಬ್ಬಿನ ಆಮ್ಲಗಳನ್ನು ಅದು ತಾನೇ ತಯಾರಿಸಿಕೊಳ್ಳಲಾರದು. ನಮ್ಮ ನೆತ್ತಿಯ ಜಿಡ್ಡನ್ನು ಒಡೆದು ತಿಂದು ಬದುಕುತ್ತದೆ. ಒಡೆದ ಜಿಡ್ಡಿನಲ್ಲಿ ಉಳಿಯುವ ಆಮ್ಲಕ್ಕೆ ಕೆಲವರ ಚರ್ಮ ಕೆರಳುತ್ತದೆ, ಚರ್ಮದ ಕೋಶಗಳು ಬೇಗಬೇಗ ಹುಟ್ಟಿ ಗುಂಪುಗುಂಪಾಗಿ ಉದುರುತ್ತವೆ.

ಅಂದರೆ ಒಣ ನೆತ್ತಿಗೆ ಜಿಡ್ಡಿನ ಬರ, ಹೊಟ್ಟಿನ ನೆತ್ತಿಗೆ ಜಿಡ್ಡೇ ಜಗಳದ ಮೂಲ. ಇಬ್ಬರಿಗೂ “ರಾತ್ರಿ ಎಣ್ಣೆ ಹಚ್ಚಿ ಮಲಗು” ಎಂದು ಒಂದೇ ಮಾತು ಹೇಳುವುದು ಹೇಗೆ?

ಕಿಟಕಿಯ ಬೆಳಕಿನಲ್ಲಿ ಎರಡು ಕನ್ನಡಿ ಹಿಡಿದು ಬೈತಲೆ ನೋಡಿಕೊಂಡೆ. ಕೆಂಪಿಲ್ಲ, ಜಿಡ್ಡಿಲ್ಲ. ಮೊಣಕಾಲ ಕೆಳಗೂ ಬಿಳಿ ಗೆರೆ ಎದ್ದಿದೆ. ಮುಟ್ಟು ನಿಂತ ಮೇಲೆ ಹೆಂಗಸರ ಚರ್ಮದ ಜಿಡ್ಡಿನ ಗ್ರಂಥಿಗಳು ನಿಧಾನವಾಗುತ್ತವೆ. ನನ್ನದು ಮೊದಲನೆಯ ಜಾತಿ ಎಂದೇ ತೋರುತ್ತದೆ.

ಜಮಖಂಡಿ, 16 ನವೆಂಬರ್ 2024, ಶನಿವಾರ

ಬೆಳಗಿನ ಶಾಲೆ. ಏಳನೇ ತರಗತಿಗೆ ಗಡಸು ನೀರಿನ ಪಾಠ. ಮಕ್ಕಳಿಗೆ ಮನೆಯಿಂದ ಒಂದೊಂದು ಬಾಟಲಿ ನೀರು ತರಲು ಹೇಳಿದ್ದೆ. ಬೋರಿನ ನೀರು, ನಳದಲ್ಲಿ ಬರುವ ಹೊಳೆ ನೀರು, ಕುದಿಸಿ ಆರಿಸಿದ ಬೋರಿನ ನೀರು, ಬ್ಯಾಟರಿ ಅಂಗಡಿಯ ಬಟ್ಟಿ ಇಳಿಸಿದ ನೀರು. ಎಲ್ಲಕ್ಕೂ ಒಂದೇ ಅಳತೆಯ ಸಾಬೂನಿನ ನೀರು ಹಾಕಿ ಕುಲುಕಿದರು. ಬಟ್ಟಿ ನೀರಿನ ನಳಿಕೆಯಲ್ಲಿ ನೊರೆ ಬಾಯಿತನಕ ಬಂತು. ಬೋರಿನ ನೀರಿನಲ್ಲಿ ನೊರೆಯೇ ಇಲ್ಲ, ಮೇಲೆ ಬೂದು ಬಣ್ಣದ ಕೆನೆ. ಕುದಿಸಿದ್ದರಲ್ಲಿ ತುಸು ಸುಧಾರಣೆ. ಹೊಳೆ ನೀರಿನ ನೊರೆ ಇವುಗಳ ನಡುವೆ.

ಆ ಬೂದು ಕೆನೆಯೇ ನಮ್ಮ ತಲೆಯ ಮೇಲೂ ಕೂಡುವುದು. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜತೆ ಸೇರಿ ಕರಗದ ವಸ್ತುವಾಗಿ ನೆತ್ತಿಗೆ, ಕೂದಲಿಗೆ ಅಂಟುತ್ತವೆ. ನಮ್ಮ ಸೀಮೆಯ ನೆಲವೇ ಹಾಗಿದೆ. ಕಲಾದಗಿಯ ಹೆಸರಿನಿಂದಲೇ ಭೂವಿಜ್ಞಾನಿಗಳು ಕರೆಯುವ ಹಳೆಯ ಕಲ್ಲಿನ ಪದರುಗಳಲ್ಲಿ ಸುಣ್ಣದಕಲ್ಲು ಹೇರಳ. ಮುಧೋಳ ತಾಲ್ಲೂಕಿನ ಲೋಕಾಪುರದ ಸುತ್ತ ಸಿಮೆಂಟಿಗೆ ಅಗೆಯುವುದೂ ಅದನ್ನೇ. ಆ ಕಲ್ಲಿನ ಬಿರುಕಿನಲ್ಲಿ ನಿಂತ ನೀರು ಬೋರಿನಿಂದ ಬಂದರೆ ಗಡಸಾಗಿರದೆ ಇನ್ನೇನಾದೀತು? ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ತಲೆ ತೊಳೆಯುವ ನೀರಿಗೆ ಯಾರೂ ಲೆಕ್ಕ ಇಟ್ಟಿಲ್ಲ.

ಒಬ್ಬ ಹುಡುಗಿ ಕೇಳಿದಳು, “ಟೀಚರ್, ಹಂಗಾದ್ರ ತಲಿಗೆ ಮೈಸೋಪು ಹಚ್ಚಬಾರದೇನ್ರಿ?” ಬೋರಿನ ನೀರಿದ್ದರೆ ಹಚ್ಚಬಾರದು ಅಂದೆ. ಶ್ಯಾಂಪೂವಿನ ನೊರೆ ಬೇರೆ ಬಗೆಯದು, ಅದಕ್ಕೆ ಆ ಕೆನೆ ಕಟ್ಟುವುದಿಲ್ಲ. ಸೀಗೆಕಾಯಿ, ಅಂಟವಾಳಕಾಯಿಯ ನೊರೆಯೂ ಸಾಬೂನಿನದಲ್ಲ. ಪಾಠ ಮುಗಿದ ಮೇಲೂ ಹುಡುಗಿಯರು ನಳಿಕೆ ಹಿಡಿದುಕೊಂಡೇ ನಿಂತಿದ್ದರು.

ಬನಹಟ್ಟಿ, 17 ನವೆಂಬರ್ 2024, ಭಾನುವಾರ

ತವರುಮನೆ. ಬಸ್ಸಿನಿಂದ ಇಳಿದು ಓಣಿಗೆ ಹೊರಳಿದರೆ ಮಗ್ಗದ ಸದ್ದು. ರಬಕವಿ, ಬನಹಟ್ಟಿ, ರಾಂಪುರ, ಹೊಸೂರ, ಎಲ್ಲಿ ನಿಂತರೂ ಅದೇ ಸದ್ದು. ಅಪ್ಪನ ಕಾಲಕ್ಕೆ ಕೈಮಗ್ಗ, ಅಣ್ಣನ ಕಾಲಕ್ಕೆ ಪವರ್‌ಲೂಮ್.

ಅಣ್ಣನ ಹೆಂಡತಿ ವೈನಿ ಬೆಳಿಗ್ಗೆ ಅಡುಗೆ ಮುಗಿಸಿ ಲಾಳಿಗೆ ನೂಲಿನ ಕಂಡಿಕಿ ಸುತ್ತಲು ಕೂತರೆ ಸಂಜೆಯೇ ಏಳುವುದು. ಗಾಳಿಯಲ್ಲಿ ಅರಳೆಯ ಎಳೆ, ನೂಲಿಗೆ ಹಾಕಿದ ಗಂಜಿ ಒಣಗಿ ಉದುರುವ ಪುಡಿ. ತಲೆಗೆ ವಸ್ತ್ರ ಕಟ್ಟಿಕೊಂಡಿದ್ದಾಳೆ, ಆದರೂ ಹಣೆಯಂಚಿನಲ್ಲಿ ಬಿಳಿ. ನನ್ನ ಕೈ ತುರಿಕೆಗೆ ತಲೆಗೆ ಹೋದದ್ದನ್ನು ನೋಡಿ ನಕ್ಕಳು. “ನಂದೂ ಅದs ಕತಿ ತಂಗಿ. ಹಗಲಾಗ ಎಣ್ಣಿ ಹಚ್ಚಿದ್ರ ಧೂಳೆಲ್ಲ ಬಂದು ತಲಿಗೇ ಅಂಟತೈತಿ. ಸಂಜಿಕ ನೋಡಿದ್ರ ತಲಿ ಹತ್ತಿ ಹೊಲ ಆಗಿರತೈತಿ. ಅದಕs ರಾತ್ರಿ ಉಂಡು ಭಾಂಡೆ ತೊಳದ ಮ್ಯಾಲೆ ಹಚ್ಚತೇನಿ, ನಸಿಕಿಲೆ ಎರಕೋತೇನಿ.”

ಈ ಓಣಿಯ ಹೆಂಗಸರು ರಾತ್ರಿ ಎಣ್ಣೆ ಹಚ್ಚುವುದು ಯಾರೋ ಹೇಳಿದ ಸೌಂದರ್ಯದ ಉಪಾಯ ಅಂತಲ್ಲ. ಹಗಲು ಅವರ ತಲೆ ಮಗ್ಗದ ಪಾಲು, ಅವರ ಪಾಲಿಗೆ ಉಳಿಯುವುದು ರಾತ್ರಿಯಷ್ಟೆ. ಸುತ್ತಿದಷ್ಟಕ್ಕೆ ಕೂಲಿ. ನಡುವೆ ಎದ್ದು ತಲೆ ತೊಳೆದರೆ ಆ ಹೊತ್ತಿನ ದುಡ್ಡು ಹೋಯಿತು.

ಅವ್ವನದು ಬೇರೆಯೇ ಶಾಸ್ತ್ರ. ನೆತ್ತಿಗೆ ಔಡಲೆಣ್ಣಿ ಒತ್ತಿ ಕೂಡ್ರಿಸಿದರೆ ಕಣ್ಣು ತಂಪು, ನಿದ್ದೆ ಬರುತ್ತದೆ ಅನ್ನುತ್ತಾಳೆ. ಚರಕ ಸಂಹಿತೆಯ ಸೂತ್ರಸ್ಥಾನದಲ್ಲೂ ದಿನಾ ತಲೆಗೆ ಎಣ್ಣೆ ಹಚ್ಚುವವನಿಗೆ ತಲೆನೋವಿಲ್ಲ, ಸುಖನಿದ್ದೆ ಎಂಬ ಮಾತಿದೆ. ನೆತ್ತಿ ಒರಟಾಗಿ, ತುರಿಸಿ, ಒಡೆಯುವುದಕ್ಕೆ ಆಯುರ್ವೇದದವರು ದಾರುಣಕ ಎಂದು ಬೇರೆ ಹೆಸರನ್ನೇ ಇಟ್ಟಿದ್ದಾರೆ. ಅವ್ವನಿಗೆ ಚರಕ ಗೊತ್ತಿಲ್ಲ, ಔಡಲದ ಗಿಡ ಗೊತ್ತು.

ಆದರೆ ವೈನಿಯ ತಲೆ ನೋಡಿದಾಗ ನನಗೆ ಸಮಾಧಾನವಾಗಲಿಲ್ಲ. ಪದರು ದಪ್ಪ, ಕಿವಿಯ ಹಿಂದೆ ಕೆಂಪು, ಉಗುರಿನಿಂದ ಕೆರೆದ ಗಾಯ. ಎಣ್ಣೆ ಹಚ್ಚಿದ ರಾತ್ರಿ ತುರಿಕೆ ಇನ್ನೂ ಜಾಸ್ತಿ ಅಂದಳು. ಡಾಕ್ಟರ ಕಡೆ ಹೋಗೋಣ ಅಂದರೆ, “ಹೊಟ್ಟಿಗ್ಯಾಕ ಡಾಕ್ಟರು?” ಅಂದಳು.

ಜಮಖಂಡಿ, 24 ನವೆಂಬರ್ 2024, ಭಾನುವಾರ

ರಾತ್ರಿಯ ಕ್ರಮ ಒಂದು ಹದಕ್ಕೆ ಬಂದಿದೆ, ಬರೆದಿಡುತ್ತೇನೆ.

ಮೊದಲು ಹಣಗಿಯಿಂದ ಸಿಕ್ಕು ಬಿಡಿಸಿ, ಸಾಲು ಸಾಲಾಗಿ ಬೈತಲೆ ತೆಗೆಯುವುದು. ಎಣ್ಣೆ ಬೇಕಾದದ್ದು ಚರ್ಮಕ್ಕೆ, ಜಡೆಗಲ್ಲ. ಎರಡು ಚಮಚ ಸಾಕು. ಬೆರಳ ತುದಿಯಿಂದ ಮೆತ್ತಗೆ ಒತ್ತಬೇಕು, ಉಗುರು ತಾಗಬಾರದು. ಎಣ್ಣೆ ಉಗುರುಬೆಚ್ಚಗಿದ್ದರೆ ಚೆಂದ, ಆದರೆ ಬೆಂಕಿಯ ಮೇಲಿಟ್ಟು ಕಾಯಿಸಬೇಕಾಗಿಲ್ಲ. ಕೊಬ್ಬರಿ ಎಣ್ಣೆ 24 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಹೆಪ್ಪುಗಟ್ಟುತ್ತದೆ, ಈ ದಿನಗಳಲ್ಲಿ ಸಂಜೆಗೇ ಬಾಟಲಿಯಲ್ಲಿ ಕಲ್ಲು. ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟರೆ ಕರಗುತ್ತದೆ. ಹೆರಳು ಸಡಿಲವಾಗಿ ಹಾಕಿ, ಹಳೆಯ ಧೋತರದ ತುಂಡು ಸುತ್ತಿ ಮಲಗುವುದು. ಪ್ಲಾಸ್ಟಿಕ್ ಟೋಪಿ ಬೇಡ, ಬೆವರು ಕಟ್ಟುತ್ತದೆ. ಎಣ್ಣೆ ಹಣೆಗೆ ಇಳಿಯಬಾರದು, ಇಳಿದರೆ ಅಲ್ಲಿ ಗುಳ್ಳೆ ಏಳುತ್ತವೆ. ದಿಂಬಿನ ಗಲೀಫನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಬೇಕು. ಬೆಳಿಗ್ಗೆ ಉಗುರುಬೆಚ್ಚನೆಯ ನೀರು. ಹಂಡೆಯ ಸುಡುಸುಡು ನೀರು ಸುಖವೆನಿಸುತ್ತದೆ, ಆದರೆ ಇದ್ದ ಜಿಡ್ಡನ್ನೂ ತೊಳೆದುಕೊಂಡು ಹೋಗುತ್ತದೆ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಡ.

ನಿಂಬೆರಸ, ಅಡುಗೆ ಸೋಡಾ, ಉಳ್ಳಾಗಡ್ಡಿ ರಸ ಮೂರನ್ನೂ ಬಿಟ್ಟಿದ್ದೇನೆ. ಒಣಗಿ ಬಿರಿದ ಚರ್ಮಕ್ಕೆ ಅವು ಉರಿ ತರುತ್ತವೆ. ಹಿತ್ತಲಿನ ಲೋಳೆಸರ ಹಚ್ಚುವುದಾದರೆ ಕತ್ತರಿಸಿದ ಕೂಡಲೇ ಸೋರುವ ಹಳದಿ ರಸ ಪೂರ್ತಿ ಇಳಿದು ಹೋಗಬೇಕು, ತುರಿಕೆ ಎಬ್ಬಿಸುವುದು ಅದೇ.

ಯಾವ ಎಣ್ಣೆ? ಕೂದಲಿಗೆ ಕೊಬ್ಬರಿ ಎಣ್ಣೆ ಒಳ್ಳೆಯದೆಂದು 2003ರಲ್ಲಿ ರೆಲೆ, ಮೊಹಿಲೆ ಎಂಬಿಬ್ಬರು ಅಳೆದು ತೋರಿಸಿದ್ದಾರೆ. ಕೂದಲಿನ ಪ್ರೋಟೀನು ಸೋರುವುದನ್ನು ಅದು ಕಡಿಮೆ ಮಾಡಿತು, ಸೂರ್ಯಕಾಂತಿ ಎಣ್ಣೆ ಮಾಡಲಿಲ್ಲ. ಆದರೆ ಅದು ಕೂದಲಿನ ಮಾತು, ನೆತ್ತಿಯದಲ್ಲ. ಅಳೆದವರು ಆ ಎಣ್ಣೆ ಮಾರುವ ಕಂಪನಿಯವರು ಎಂಬುದೂ ನೆನಪಿರಲಿ. ಚರ್ಮದ ಮಾತಿಗೆ ಬಂದರೆ 2013ರ ಬ್ರಿಟನ್ನಿನ ಅಧ್ಯಯನವೊಂದಿದೆ. ದೊಡ್ಡವರ ತೋಳಿಗೆ ಆಲಿವ್ ಎಣ್ಣೆ ಹಚ್ಚಿದಾಗ ಚರ್ಮದ ಹೊರಪದರು ಸಡಿಲವಾಯಿತು, ಸೂರ್ಯಕಾಂತಿ ಎಣ್ಣೆ ಹಚ್ಚಿದಾಗ ಗಟ್ಟಿಯಾಗಿಯೇ ಉಳಿಯಿತು. ಸೂರ್ಯಕಾಂತಿಯಲ್ಲಿ ಹೆಚ್ಚಿರುವುದು ಲಿನೋಲಿಕ್ ಆಮ್ಲ. ಅದು ಇನ್ನೂ ಹೆಚ್ಚಿರುವುದು ನಮ್ಮ ಎರೆಹೊಲದ ಕುಸುಬಿಯಲ್ಲಿ.

ಹಾಗಾಗಿ ಎಡಗಡೆಗೆ ಕೊಬ್ಬರಿ, ಬಲಗಡೆಗೆ ಗಾಣದ ಕುಸುಬಿ ಎಣ್ಣಿ ಹಚ್ಚಿ ಪರೀಕ್ಷೆ ನಡೆಸಿದ್ದೇನೆ. ಎರಡೂ ಕಡೆ ಬಿಗಿತ ಇಳಿದಿದೆ. ಬಲಗಡೆ ತುರಿಕೆ ತುಸು ಕಡಿಮೆ ಅನಿಸುತ್ತದೆ. ಒಂದು ತಲೆಯ ಸಾಕ್ಷಿ ಸಾಕ್ಷಿಯಲ್ಲ ಎಂದು ಮಕ್ಕಳಿಗೆ ಹೇಳುವವಳು ನಾನೇ, ಅಷ್ಟಕ್ಕೇ ಬಿಡುತ್ತೇನೆ. ಇವರಂತೂ “ಕುಸುಬಿ ಎಣ್ಣಿ ವಾಸನಿಗೆ ಒಗ್ಗರಣಿ ನೆನಪಾಗತೈತಿ” ಎಂದು ಆ ಕಡೆ ಹೊರಳಿ ಮಲಗುತ್ತಾರೆ.

ಮುಧೋಳ, 7 ಡಿಸೆಂಬರ್ 2024, ಶನಿವಾರ

ಕೊನೆಗೂ ವೈನಿ ಒಪ್ಪಿದಳು. ಅವಳು ಮಹಾಲಿಂಗಪುರದ ಮೇಲೆ ಬಂದಳು, ನಾನು ಶಾಲೆ ಮುಗಿಸಿ ಜಮಖಂಡಿಯಿಂದ. ಬೆಲ್ಲ ಹೇರಿದ ಲಾರಿಗಳ ಹಿಂದೆ ಬಸ್ಸು ನಿಂತು ನಿಂತು ಬಂತಂತೆ.

ಚರ್ಮದ ಡಾಕ್ಟರು ಇಬ್ಬರ ತಲೆಯನ್ನೂ ಸಣ್ಣ ದೀಪದ ಭೂತಗನ್ನಡಿಯಲ್ಲಿ ನೋಡಿದರು. ನನ್ನದು ಒಣ ನೆತ್ತಿ. ಎಣ್ಣೆ ಮುಂದುವರಿಸಿ, ಆದರೆ ಇಡೀ ರಾತ್ರಿ ಇಡಲೇಬೇಕೆಂಬ ನೇಮವೇನಿಲ್ಲ, ಮಲಗುವ ಮುಂಚಿನ ಎರಡು ತಾಸೂ ನಡೆಯುತ್ತದೆ ಅಂದರು. ಆಯಾಸ, ಮೈ ಒಣಗುವುದು ಎರಡೂ ಇವೆ ಎಂದು ಥೈರಾಯ್ಡ್ ಪರೀಕ್ಷೆ ಬರೆದುಕೊಟ್ಟರು. ಆ ಗ್ರಂಥಿ ಮಂದವಾದರೂ ಚರ್ಮ ಹೀಗೆ ಒಣಗುತ್ತದೆ.

ವೈನಿಯದು ಹೊಟ್ಟಿನ ಜೋರಾದ ರೂಪ. ರಾತ್ರಿಯ ಎಣ್ಣೆ ಪೂರ್ತಿ ಬಂದ್. ಎರಡು ಶೇಕಡಾ ಕೀಟೊಕೊನಜೋಲ್ ಇರುವ ಶ್ಯಾಂಪೂ ವಾರಕ್ಕೆ ಎರಡು ಸಲ, ಒಂದು ತಿಂಗಳು. ನೊರೆ ಎಬ್ಬಿಸಿದ ಮೇಲೆ ಐದು ನಿಮಿಷ ತಲೆಯಲ್ಲೇ ಬಿಡಬೇಕು, ಹಚ್ಚಿದ ಕೂಡಲೇ ತೊಳೆದರೆ ಔಷಧಿಗೆ ಕೆಲಸ ಮಾಡಲು ಹೊತ್ತೇ ಸಿಗುವುದಿಲ್ಲ. ಗಾಯ ಒಣಗಲು ಬೇರೆ ಮುಲಾಮು. “ಎಣ್ಣಿ ಬಿಟ್ರ ತಲಿ ಕಾಯತೈತ್ರಿ” ಅಂದಳು ವೈನಿ. ಡಾಕ್ಟರು ನಕ್ಕು, “ತಲಿ ಕಾಯೂದು ಎಣ್ಣಿ ಇಲ್ಲದಕ್ಕಲ್ಲವ್ವಾ, ಕೆರಕೊಳ್ಳೂದಕ್ಕ. ತೊಳೆಯೋ ಮುಂಚೆ ಕೂದಲ ತುದಿಗೆ ಬೇಕಾದ್ರ ಹಚ್ಚು, ಬುಡಕ್ಕ ಬ್ಯಾಡ” ಅಂದರು. ದಪ್ಪ ಬೆಳ್ಳಿ ಬಣ್ಣದ ಪದರು ಹಣೆಗೆ ಇಳಿದರೆ, ಮೊಣಕೈ ಮೊಣಕಾಲಿನಲ್ಲೂ ಕಂಡರೆ ಅದು ಸೋರಿಯಾಸಿಸ್ ಆಗಿರಬಹುದು, ಆಗ ಮತ್ತೆ ಬನ್ನಿ ಎಂದೂ ಹೇಳಿದರು.

ಬಸ್ಸಿಗೆ ಕಾಯುತ್ತ ರನ್ನನ ಮಾತು ಬಂತು. 949ರಲ್ಲಿ ಈ ಊರಿನ ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಅವನ ಗದಾಯುದ್ಧದಲ್ಲಿ ಭೀಮನ ಸೇಡಿನ ಕಿಡಿ ದ್ರೌಪದಿಯ ಬಿಚ್ಚಿದ ಮುಡಿಯಲ್ಲಿದೆ. ಹದಿಮೂರು ವರ್ಷ ಕಟ್ಟದ ಮುಡಿ. ಆ ತಲೆಯ ಗತಿ ಏನಾಗಿತ್ತೋ ಎಂದೆ. ವೈನಿ ಶ್ಯಾಂಪೂವಿನ ಚೀಟಿ ಮಡಿಚಿ ಚೀಲಕ್ಕೆ ಹಾಕುತ್ತ, “ಆಕೀಗೆ ಕಂಡಿಕಿ ಸುತ್ತೂದರ ಇರಲಿಲ್ಲ ಬಿಡು” ಅಂದಳು.

ಜಮಖಂಡಿ, 16 ಡಿಸೆಂಬರ್ 2024, ಸೋಮವಾರ

ಐದನೇ ತರಗತಿಯ ಹುಡುಗನೊಬ್ಬ ಟೋಪಿ ತೆಗೆಯಲು ಒಪ್ಪುತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ಒಬ್ಬನನ್ನೇ ಕರೆದು ನೋಡಿದೆ. ತಲೆಯಲ್ಲಿ ರೂಪಾಯಿಯಗಲ ಕೂದಲಿಲ್ಲ, ಅಲ್ಲಿ ಬೂದು ಪದರು, ಸುತ್ತ ತುಂಡಾಗಿ ನಿಂತ ಕೂದಲ ಮೊಳೆ. ಮನೆಯಲ್ಲಿ ದಿನಾ ರಾತ್ರಿ ಎಣ್ಣೆ ಹಚ್ಚಿ ಮಲಗಿಸುತ್ತಾರಂತೆ.

ಇದು ಒಣ ನೆತ್ತಿಯೂ ಅಲ್ಲ, ಹೊಟ್ಟೂ ಅಲ್ಲ. ಮಕ್ಕಳ ತಲೆಗೆ ಬರುವ ಹುಳಕಡ್ಡಿಯ ಲಕ್ಷಣ. ಹಣಗಿ, ಟೋಪಿ, ದಿಂಬಿನಿಂದ ಒಬ್ಬರಿಂದೊಬ್ಬರಿಗೆ ದಾಟುತ್ತದೆ. ಶಿಲೀಂಧ್ರ ಕೂದಲಿನ ಒಳಗೇ ಕೂತಿರುವುದರಿಂದ ಮೇಲೆ ಹಚ್ಚುವುದು ಒಂದರಿಂದಲೇ ವಾಸಿಯಾಗುವುದಿಲ್ಲ, ಡಾಕ್ಟರು ಕೊಡುವ ನುಂಗುವ ಮಾತ್ರೆ ಕೆಲವು ವಾರ ಬೇಕಾಗುತ್ತದೆ. ತಡಮಾಡಿದರೆ ಆ ಜಾಗದಲ್ಲಿ ಕೂದಲು ಮತ್ತೆ ಬಾರದೆ ಹೋಗಬಹುದು. ತಾಯಿಯನ್ನು ಶಾಲೆಗೆ ಕರೆಸಿ ಸರ್ಕಾರಿ ಆಸ್ಪತ್ರೆಗೆ ಹೋಗಲು ಹೇಳಿದೆ. ನಾಳೆಯೇ ಹೋಗುತ್ತೇನೆ ಅಂದಳು.

ಮಧ್ಯಾಹ್ನ ಹುಡುಗಿಯರ ತಲೆಯನ್ನೂ ನೋಡಿದೆ. ಹೊಟ್ಟು ಎಂದು ಮನೆಯವರು ತಿಳಿದದ್ದು ಇಬ್ಬರಲ್ಲಿ ಸೀರು. ಗುರುತು ಸುಲಭ. ಹೊಟ್ಟಾದರೆ ಊದಿದರೆ ಹಾರುತ್ತದೆ. ಸೀರು ಕೂದಲಿಗೆ ಅಂಟಿ ಕೂತಿರುತ್ತದೆ, ಉಗುರಿನಿಂದ ಎಳೆದರೂ ಸುಲಭಕ್ಕೆ ಜಾರುವುದಿಲ್ಲ.

ಬೀಳಗಿ ತಾಲ್ಲೂಕು, 30 ಡಿಸೆಂಬರ್ 2024, ಸೋಮವಾರ

ಎಳ್ಳಮವಾಸ್ಯೆ. ರಜೆ ಹಾಕಿ ಇವರ ಊರಿಗೆ ಬಂದೆವು. ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹೋಳಿಗಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿದೆವು. ಬಿಳಿಜೋಳದ ನಡುವೆ ಕುಸುಬಿಯ ಸಾಲು, ಮುಳ್ಳು ಬಲಿಯುತ್ತಿದೆ. ನನ್ನ ಬಲಗಡೆ ತಲೆಯ ಎಣ್ಣೆ ಹುಟ್ಟುವುದು ಇಲ್ಲೇ.

ಗಾಳಿ ಒಣಒಣ. ವರ್ಷವಿಡೀ ಸೇರಿದರೂ ಆರುನೂರು ಮಿಲಿಮೀಟರ್ ಮಳೆ ಕಾಣದ ನೆಲ, ಹಿಂಗಾರು ಹೋದ ಮೇಲೆ ಗಾಳಿಯಲ್ಲಿ ತೇವವೇ ಉಳಿಯುವುದಿಲ್ಲ. ಜಮಖಂಡಿ, ಮುಧೋಳದ ಕಡೆ ಈಗ ಕಬ್ಬಿನ ಹಂಗಾಮು. ಕಬ್ಬು ಕಡಿದ ಹೊಲಕ್ಕೆ ರವದಿ ಸುಡಲು ಬೆಂಕಿ ಇಟ್ಟ ಸಂಜೆ ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆಯಲ್ಲೆಲ್ಲ ಕರಿ ಬೂದಿ. ಎಣ್ಣೆ ಹಚ್ಚಿದ ತಲೆಗೆ ಅದು ಬೇಗ ಹತ್ತುತ್ತದೆ. ಹಾಗಾಗಿ ಎಣ್ಣೆಯ ಕೆಲಸ ಬಾಗಿಲು ಹಾಕಿದ ಮೇಲೆ.

ಹಬ್ಬಕ್ಕೆಂದು ಮೈದುನ ತಲೆಗೆ ಕರಿ ಬಣ್ಣ ಹಾಕಿಸಿಕೊಂಡು ಬಂದಿದ್ದ. ಹಣೆ ಬಾತಿದೆ, ಕಿವಿಯ ಮೇಲೆ ನೀರುಗುಳ್ಳೆ. “ವೈನಿ, ತಲಿ ಒಣಗೇತ್ರಿ, ನಿಮ್ಮ ರಾತ್ರಿ ಎಣ್ಣಿ ಹಚ್ಚಲೇನು?” ಎಂದು ಕೇಳಿದ. ಕರಿ ಬಣ್ಣದಲ್ಲಿ, ಕರಿ ಮೆಹಂದಿ ಎಂದು ಮಾರುವ ಪುಡಿಯಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಕೆಲವರಿಗೆ ಅದು ಅಲರ್ಜಿ, ಒಂದು ಸಲ ಆಯಿತೆಂದರೆ ಜೀವಮಾನವಿಡೀ ಬಿಡುವುದಿಲ್ಲ. ಎಣ್ಣೆಯಿಂದ ಇಳಿಯುವ ಬಾವಲ್ಲ ಇದು, ಡಾಕ್ಟರಿಗೆ ತೋರಿಸು, ಇನ್ನು ಬಣ್ಣದ ಸುದ್ದಿಗೆ ಹೋಗಬೇಡ ಅಂದೆ. “ಹಂಗಾದ್ರ ಮುದುಕ ಆಗೂದs?” ಅಂದ. ಆಗು ಅಂದೆ.

ಚಿಕ್ಕಸಂಗಮ, 14 ಜನವರಿ 2025, ಮಂಗಳವಾರ

ನಿನ್ನೆ ಭೋಗಿ, ಇಂದು ಸಂಕ್ರಾಂತಿ. ಬೀಳಗಿ ಸೀಮೆಯವರು ಚಿಕ್ಕಸಂಗಮಕ್ಕೆ ಬರುತ್ತಾರೆ. ಘಟಪ್ರಭೆ ಕೃಷ್ಣೆಯನ್ನು ಕೂಡುವ ಜಾಗ, ಈಗ ಆಲಮಟ್ಟಿಯ ಹಿನ್ನೀರು ಕಣ್ಣು ಹಾಯುವಷ್ಟೂ ಹರಡಿದೆ. ಮೈಗೆ ಎಳ್ಳು ಅರೆದು ಹಚ್ಚಿಕೊಂಡು ಹೊಳೆಯಲ್ಲಿ ಮುಳುಗುವುದು ವಾಡಿಕೆ. ಅರೆದ ಎಳ್ಳಿನಲ್ಲಿ ಎಣ್ಣೆಯೂ ಇದೆ, ಮೈ ಉಜ್ಜುವ ತರಿಯೂ ಇದೆ. ವರ್ಷದಲ್ಲಿ ಚರ್ಮ ಹೆಚ್ಚು ಒಣಗುವ ವಾರಕ್ಕೇ ಹಿರಿಯರು ಈ ಹಬ್ಬ ಇಟ್ಟುಕೊಂಡಿದ್ದಾರೆ.

ಇವರ ದೊಡ್ಡವ್ವ ದಂಡೆಯಲ್ಲಿ ಕೂತು ಕೂದಲು ಬಿಚ್ಚಿದಳು. ಅವಳ ಹಳೆಯ ಊರು ಈ ನೀರಿನೊಳಗಿದೆ. ಪುನರ್ವಸತಿ ಕೇಂದ್ರದ ಮನೆಗೆ ಬಂದಾಗಿನಿಂದ ಬೋರಿನ ನೀರು. “ಅಲ್ಲಿ ಹೊಳಿ ನೀರಾಗ ಎರಕೊಂಡ್ರ ಒಂದs ಮುಷ್ಟಿ ಸೀಗಿ ಸಾಕಾಗತಿತ್ತವ್ವಾ. ಇಲ್ಲಿ ಎಷ್ಟು ತಿಕ್ಕಿದ್ರೂ ತಲಿ ಜಿಗಟು ಜಿಗಟು, ಒಣಗಿದ ಮ್ಯಾಲೆ ಬರಟು.” ಅಣೆಕಟ್ಟು ಕಳೆದದ್ದನ್ನು ಲೆಕ್ಕ ಹಾಕುವಾಗ ಹೊಲ, ಮನೆ, ಗುಡಿಯನ್ನು ಬರೆದುಕೊಂಡರು. ಮುದುಕಿಯ ತಲೆಗೆ ಸಿಗುತ್ತಿದ್ದ ಮೆದು ನೀರು ಯಾವ ಪಂಚನಾಮೆಯಲ್ಲೂ ಇಲ್ಲ.

ಮಾಳಿಗೆಯ ಮಳೆನೀರನ್ನು ಒಂದು ಪೀಪಾಯಿಯಲ್ಲಿ ಹಿಡಿದಿಟ್ಟರೆ ಕಡೆಯ ಎರಡು ತಂಬಿಗೆಗೆ ಅದನ್ನೇ ಸುರಿದುಕೊಳ್ಳಬಹುದು. ಅದಿಲ್ಲದ ದಿನ ಬೋರಿನ ನೀರನ್ನು ಕುದಿಸಿ, ರಾತ್ರಿಯಿಡೀ ತಿಳಿಯಾಗಲು ಬಿಟ್ಟು, ತಳದ ಸುಣ್ಣ ಕದಡದಂತೆ ಮೇಲಿನದನ್ನು ತೆಗೆದುಕೊಳ್ಳಬಹುದು. ಗಡಸುತನ ಪೂರ್ತಿ ಹೋಗುವುದಿಲ್ಲ, ಒಂದು ಪಾಲು ಹೋಗುತ್ತದೆ. ದೊಡ್ಡವ್ವನ ಮಗನಿಗೆ ಹೇಳಿದೆ, ಮಳೆಗಾಲಕ್ಕೆ ಪೀಪಾಯಿ ಇಡಿಸುತ್ತೇನೆ ಅಂದ.

ಬನಹಟ್ಟಿ, 26 ಜನವರಿ 2025, ಭಾನುವಾರ

ಧ್ವಜಾರೋಹಣ ಮುಗಿಸಿ ನೇರ ಇಲ್ಲಿಗೆ. ವೈನಿಯ ಕಿವಿಯ ಹಿಂದಿನ ಕೆಂಪು ಹೋಗಿದೆ, ಪದರು ಅಲ್ಲಲ್ಲಿ ಸ್ವಲ್ಪ. ಈಗ ವಾರಕ್ಕೊಮ್ಮೆ ಮಾತ್ರ ಆ ಶ್ಯಾಂಪೂ. ಹೊಟ್ಟು ಬೇರು ಸಮೇತ ಹೋಗುವ ಕಾಯಿಲೆಯಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳುವಂಥದ್ದು ಎಂಬುದನ್ನು ಅವಳು ಒಪ್ಪಿದ್ದಾಳೆ. ನನ್ನ ಥೈರಾಯ್ಡ್ ವರದಿ ಸರಿಯಾಗಿಯೇ ಬಂತು, ನೆತ್ತಿಯ ಬಿಗಿತವೂ ಇಳಿದಿದೆ. ಐದನೇ ತರಗತಿಯ ಹುಡುಗ ಮಾತ್ರೆ ನುಂಗುತ್ತಿದ್ದಾನೆ. ರೋಸ್‌ಮೆರಿ ಎಣ್ಣೆಯ ಶೀಶೆ ಅಂಚೆಯಲ್ಲಿ ಬಂದಿದೆ, ಹಾಗೇ ಇದೆ.

ಮಗಳು ಕೇಳಿದ್ದಳು, ಕೊನೆಗೆ ಏನು ತೀರ್ಮಾನ ಮಾಡಿದಿ ಅಂತ. ಬರೆದಿಡುತ್ತೇನೆ, ಅವಳೂ ಓದಲಿ. ನೆತ್ತಿ ಬರೀ ಒಣಗಿದ್ದರೆ ರಾತ್ರಿ ಎರಡು ಚಮಚ ಎಣ್ಣೆ ಒಳ್ಳೆಯದು. ಅದು ಔಷಧವಲ್ಲ, ಚರ್ಮದ ತೇವ ಆರಿಹೋಗದಂತೆ ಹಾಕುವ ಮುಚ್ಚಳ ಅಷ್ಟೆ. ಜಿಡ್ಡು ಹೊಟ್ಟು, ಕೆಂಪು, ಗಾಯ ಇದ್ದರೆ ರಾತ್ರಿಯ ಎಣ್ಣೆ ಬೇಡ, ಔಷಧದ ಶ್ಯಾಂಪೂ ಬೇಕು. ಮಗುವಿನ ಕೂದಲು ತುಂಡಾಗಿ ಉದುರಿದರೆ ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟು ಅದೇ ದಿನ ಡಾಕ್ಟರಿಗೆ ತೋರಿಸಬೇಕು.

ಇನ್ನೊಂದು ಮಾತು ಈ ಓಣಿಗೆ ಸೇರಿದ್ದು. ಇಂದು ಊಟಕ್ಕೆ ಕೂತಾಗ ಅಣ್ಣನಿಗೆ ಹೇಳಿದೆ, ಮಗ್ಗದ ಮಾಲೀಕರ ಸಭೆಯಲ್ಲಿ ಇಡು ಅಂತ. ಕಂಡಿಕಿ ಸುತ್ತುವ ಹೆಂಗಸರಿಗೆ ವಾರಕ್ಕೆರಡು ಒಗೆದ ತಲೆವಸ್ತ್ರ, ಧೂಳು ಹೊರಗೆಳೆಯುವ ಒಂದು ಫ್ಯಾನು, ಹಿತ್ತಲಿನಲ್ಲಿ ಹೊಳೆ ನೀರಿನ ಒಂದು ನಳ, ತಲೆ ತೊಳೆಯಲು ಕೂಲಿ ಕಡಿಯದ ಅರ್ಧ ತಾಸು. ಎಲ್ಲ ಸೇರಿದರೂ ದೊಡ್ಡ ಖರ್ಚಲ್ಲ. ಹಗಲಿನಲ್ಲಿ ಇಷ್ಟು ಸಿಕ್ಕರೆ ಅವರು ತಲೆಯ ಕಾಳಜಿಯನ್ನು ನಿದ್ದೆಯ ಹೊತ್ತಿಗೆ ಉಳಿಸಿಕೊಳ್ಳಬೇಕಾಗಿಲ್ಲ.